ಎಣ್ಣೆ ಚೆಲ್ಲಿದರೂ ಜಾರದ ನೆಲ

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ವರ್ಕ್‌ಶಾಪು ಮೊದಲು ಯಾರದೋ ವಾಸದ ಮನೆಯಾಗಿತ್ತು. ನಡುವಿನ ಗೋಡೆ ಒಡೆದು, ಮುಂಬಾಗಿಲಿನ ಜಾಗಕ್ಕೆ ಷಟರ್ ಕೂರಿಸಿ ಅದನ್ನು ಅಂಗಡಿ ಮಾಡಿದ್ದರು. ನೆಲ ಮಾತ್ರ ಮನೆಯದೇ ಉಳಿದಿತ್ತು. ಕೆಂಪು ಗಾರೆಯ ನುಣುಪಾದ ನೆಲ, ಬರಿಗಾಲಲ್ಲಿ ನಿಂತರೆ ತಣ್ಣಗಿರುತ್ತಿತ್ತು. ಹಬ್ಬಕ್ಕೆ ರಂಗೋಲಿ ಹಾಕಲು ಹೇಳಿ ಮಾಡಿಸಿದಂಥ ನೆಲ. ನಾವು ಅದರ ಮೇಲೆ ಅಡಿಕೆ ಸುಲಿಯುವ ಯಂತ್ರಗಳನ್ನೂ ಟಿಲ್ಲರುಗಳನ್ನೂ ಬಿಚ್ಚಿ ಹರವಿಕೊಂಡು ಕೂರುತ್ತಿದ್ದೆವು.

ನಾನು ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ನಡೆಸುವವಳು. ನನ್ನ ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಕ್ವಾರ್ಟರ್ಸಿನ ಹಿತ್ತಿಲಿನಲ್ಲಿ ತಗಡಿನ ಮಾಡು ಇಳಿಸಿ ಒಂದು ಪುಟ್ಟ ಲೇತ್ ಇಟ್ಟುಕೊಂಡಿದ್ದರು; ನನ್ನ ಕೈ ಕುದುರಿದ್ದು ಅದರ ಮೇಲೆ. ಆಮೇಲೆ ಐಟಿಐ ಸೇರಿದಾಗ ಟರ್ನರ್ ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಕೆಲಸ ಬಿಡಲಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು. ಸ್ಕ್ರೂಡ್ರೈವರ್ ಕೈಗೆ ಕೊಟ್ಟರೆ ಯಾವ ತುದಿ ಹಿಡಿಯಬೇಕು ಎಂದು ಯೋಚಿಸುವ ಮನುಷ್ಯ. ಆದರೆ ನನ್ನ ಕೆಲಸದ ಬಗ್ಗೆ ನೆಂಟರು ಮೂಗು ಮುರಿದಾಗಲೆಲ್ಲ, "ಅವಳು ತಿರುಗಿಸಿ ಕೊಟ್ಟ ಶಾಫ್ಟು ನಿಮ್ಮ ತೋಟದಲ್ಲೇ ಓಡ್ತಾ ಇದೆ, ಹೋಗಿ ನೋಡಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ವರ್ಕ್‌ಶಾಪಿನಲ್ಲಿ ನನ್ನ ಪಾಲುದಾರ ಒಬ್ಬ ವೆಲ್ಡರ್. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಭಾಯ್ ಎನ್ನುತ್ತೇನೆ. ಲೇತಿನ ಕೆಲಸ ನನ್ನದು, ಬೆಸುಗೆ ಮತ್ತು ಜೋಡಣೆ ಅವರದು. ಗಿರಾಕಿಗಳೊಂದಿಗೆ ಮಾತಾಡುವ ಕೆಲಸ ಯಾರಿಗೆ ಅವತ್ತು ತಾಳ್ಮೆ ಇದೆಯೋ ಅವರದು. ಹೀಗೆ ಎಷ್ಟೋ ವರ್ಷ ನಡೆದಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಭಾಯ್ ಟಿಲ್ಲರಿನ ಗೇರ್‌ಬಾಕ್ಸ್ ಎತ್ತಿಕೊಂಡು ಬಾಗಿಲಿನಿಂದ ಬೆಂಚಿನ ಕಡೆ ಬರುತ್ತಿದ್ದರು. ಚಪ್ಪಲಿ ಒದ್ದೆಯಾಗಿತ್ತು. ನೆಲದ ಮೇಲೆ ಹಿಂದಿನ ದಿನ ಒರೆಸಿದ್ದ ಎಣ್ಣೆಯ ಪಸೆ ಇನ್ನೂ ಉಳಿದಿತ್ತು. ನಾನು ಲೇತಿನಿಂದ ತಲೆ ಎತ್ತುವಷ್ಟರಲ್ಲಿ ಅವರು ಕೆಳಗಿದ್ದರು. ಗೇರ್‌ಬಾಕ್ಸ್ ಎದೆಯ ಮೇಲೆ ಬೀಳದ ಹಾಗೆ ಪಕ್ಕಕ್ಕೆ ತಳ್ಳಿಬಿಟ್ಟಿದ್ದರು. ಬೀಳುವ ಆ ಕ್ಷಣದಲ್ಲೂ ಅವರಿಗೆ ಅಷ್ಟು ಹೊಳೆದಿತ್ತು. ಬಲಗೈ ಮಣಿಕಟ್ಟು ಮಾತ್ರ ಮೈಯ ಅಡಿ ಸಿಕ್ಕಿ ಮುರಿದಿತ್ತು.

ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಕೈ ಚೆನ್ನಾಗಿಯೇ ಕೂಡಿತ್ತು. ಬೆಸುಗೆಯ ಗೆರೆ ಮೊದಲಿನ ಹಾಗೆಯೇ ನೇರವಾಗಿ ಬರುತ್ತಿತ್ತು. ಬದಲಾದದ್ದು ಅವರ ನಡಿಗೆ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೆಜ್ಜೆ ಚಿಕ್ಕದಾಗುತ್ತಿತ್ತು, ಒಂದು ಕೈ ಗೋಡೆಯನ್ನೋ ಬೆಂಚನ್ನೋ ಹುಡುಕುತ್ತಿತ್ತು. ಭಾರದ ಸಾಮಾನು ಬಂದರೆ, "ಅಕ್ಕ, ಬಾಗಿಲಲ್ಲೇ ಇರಲಿ, ಅಲ್ಲೇ ಬಿಚ್ತೀನಿ" ಎನ್ನುತ್ತಿದ್ದರು. ರಸ್ತೆಯ ಮೇಲೆ ಮೊದಲಿನ ಹಾಗೆಯೇ ಬೀಸಾಗಿ ನಡೆಯುತ್ತಿದ್ದರು. ನಾನು ಗಮನಿಸಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ.

ಅಷ್ಟು ಹೊತ್ತಿಗೆ ಗೋಪಾಳ ಬಡಾವಣೆಯ ಆಚೆ ನಮ್ಮದೇ ಜಾಗದಲ್ಲಿ ಹೊಸ ಶೆಡ್ಡು ಏಳುತ್ತಿತ್ತು. ಗೋಡೆ ಎದ್ದಿತ್ತು, ಮೇಲೆ ಶೀಟು ಬಿದ್ದಿತ್ತು. ಒಳಗಿನ್ನೂ ಮಣ್ಣು. ಒಂದು ಸಂಜೆ ಇಬ್ಬರೂ ಅಲ್ಲಿ ಇಟ್ಟಿಗೆಯ ರಾಶಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಭಾಯ್ ಮೆಲ್ಲಗೆ ಮಾತು ತೆಗೆದರು.

"ಅಕ್ಕ, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ಹೊಸ ಶೆಡ್ಡಿಗೆ ನಾನು ಬರ್ಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಾ ಇದೀನಿ. ನನ್ನ ಭಾವ ಗಾಂಧಿ ಬಜಾರಲ್ಲಿ ಸ್ಟವ್ ರಿಪೇರಿ ಅಂಗಡಿ ಬಿಟ್ಕೊಡ್ತೀನಿ ಅಂತಾನೆ. ಕೂತು ಮಾಡೋ ಕೆಲಸ."

"ಕೈ ನೋಯ್ತಾ ಇದ್ಯಾ?"

"ಕೈ ಏನೂ ಇಲ್ಲ." ಅವರು ಲೋಟದೊಳಗೆ ನೋಡಿದರು. "ಕಾಲಿಗೇ ನಂಬಿಕೆ ಹೋಗಿದೆ, ಅಕ್ಕ. ಒಳಗೆ ಬಂದ್ರೆ ಎದೆ ಧಸಕ್ ಅನ್ನುತ್ತೆ. ಯಾರಿಗೂ ಹೇಳಿಲ್ಲ ಇದನ್ನ."

ಧೈರ್ಯ ಹೇಳುವ ಮಾತು ನನಗೆ ಬರುವುದಿಲ್ಲ. ಎದುರಿಗೆ ಮಣ್ಣು ನೆಲ ಕಾಣುತ್ತಿತ್ತು. ಇನ್ನೂ ಏನೂ ಆಗಿರಲಿಲ್ಲ ಅದು, ಏನು ಬೇಕಾದರೂ ಆಗಬಹುದಿತ್ತು.

"ನೆಲ ಆಗೋವರೆಗೆ ನಿಮ್ಮ ಭಾವನಿಗೆ ಹೂಂ ಅನ್ಬೇಡಿ," ಎಂದೆ. "ನೆಲ ನೋಡಿ, ಆಮೇಲೆ ಹೇಳಿ. ನಿಮ್ಮನ್ನ ಕೇಳದೆ ಒಂದು ಹಿಡಿ ಸಿಮೆಂಟೂ ಹಾಕ್ಸಲ್ಲ."

ಅವರು ಒಪ್ಪಿದರು. ಹೀಗೆ ನೆಲ ಹುಡುಕುವ ಕೆಲಸ ಶುರುವಾಯಿತು.

ಮೊದಲು ಟೈಲ್ಸ್ ಅಂಗಡಿಗೆ ಹೋದೆವು. ಹೋಗುವುದಕ್ಕೆ ನನ್ನ ಗಂಡ ಕಾರಣ. ಹೊಸ ಅಂಗಡಿ ಎಂದರೆ ಗಿರಾಕಿ ಬಂದು ಕಣ್ಣರಳಿಸಬೇಕು ಎಂಬುದು ಅವರ ಆಸೆ. ಅಂಗಡಿಯ ಯುವಕ ಒಂದಾದ ಮೇಲೊಂದು ಟೈಲ್ಸ್ ಎತ್ತಿ ತೋರಿಸಿದ. ಪಾರ್ಕಿಂಗಿಗೆ ಹಾಕುವ ದಪ್ಪನೆಯದೂ ಒಂದು ಇತ್ತು, ಒರಟು ಮೈಯದು.

"ಇದು ಕಾರ್ ಹತ್ತಿದ್ರೂ ಏನಾಗಲ್ಲ ಮೇಡಂ."

"ಕಾರು ಮೆಲ್ಲಗೆ ಹತ್ತುತ್ತೆ. ನಮ್ಮಲ್ಲಿ ಸಾಮಾನು ಬೀಳುತ್ತೆ," ಎಂದು ನಾನು ಚೀಲದಿಂದ ಎರಕದ ಕಬ್ಬಿಣದ ಒಂದು ಹಳೆಯ ಬೇರಿಂಗ್ ಹೌಸಿಂಗ್ ತೆಗೆದೆ. ಸುಮ್ಮನೆ ಹೋಗಿರಲಿಲ್ಲ, ಅದನ್ನು ತೆಗೆದುಕೊಂಡೇ ಹೋಗಿದ್ದೆ. "ಒಡೆದ್ರೆ ಟೈಲ್ಸಿನ ದುಡ್ಡು ಕೊಡ್ತೀನಿ. ಬೀಳಿಸ್ಲಾ?"

ಯುವಕ ಒಳಗಿದ್ದ ಯಜಮಾನನ ಮುಖ ನೋಡಿದ. ಯಜಮಾನ ನಗುತ್ತಾ, ಹಿಂದಿನ ಗೋದಾಮಿಗೆ ಕರೆದೊಯ್ದು ಸಿಮೆಂಟಿನಲ್ಲಿ ಕೂರಿಸಿದ್ದ ಒಂದು ಸ್ಯಾಂಪಲ್ ತೋರಿಸಿದರು. ಸೊಂಟದೆತ್ತರದಿಂದ ಬಿಟ್ಟೆ. ಟೈಲ್ಸಿನ ಮೂಲೆ ಹಾರಿಹೋಗಿ ಗೋಡೆಗೆ ಬಡಿಯಿತು. ಯಜಮಾನರು ದುಡ್ಡು ತೆಗೆದುಕೊಳ್ಳಲಿಲ್ಲ. "ನಿಮಗೆ ನನ್ನ ಅಂಗಡಿ ಅಲ್ಲಮ್ಮ," ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ನೆಲಕ್ಕೆ ಬಣ್ಣದ ಹಾಗೆ ಬಳಿಯುವ ಎಪಾಕ್ಸಿಯನ್ನೂ ನೋಡಿದೆವು. ಕಾರಿನ ಸರ್ವೀಸ್ ಸೆಂಟರ್ ಒಂದರಲ್ಲಿ ಹಾಕಿಸಿದ್ದರು. ಬೂದುಬಣ್ಣದಲ್ಲಿ ಕೆರೆಯ ನೀರಿನ ಹಾಗೆ ಹೊಳೆಯುತ್ತಿತ್ತು. ಎಣ್ಣೆ ಬಿದ್ದರೆ ಬಟ್ಟೆಯಲ್ಲಿ ಒರೆಸಿದರೆ ಸಾಕಂತೆ. ನನಗೆ ಇಷ್ಟವಾಯಿತೆನ್ನುವುದು ನಿಜ. ಭಾಯ್ ಬಾಗಿಲಲ್ಲೇ ನಿಂತು, "ಬೆಸುಗೆ ಕಿಡಿ ಬಿದ್ರೆ ಇದು ಸಿಗರೇಟ್ ತಾಗಿದ ಶರ್ಟ್ ಥರ ಆಗುತ್ತೆ, ಅಕ್ಕ," ಎಂದರು. ಅವರು ಒಳಗೇ ಬರಲಿಲ್ಲ. ಆ ಹೊಳಪು ನೋಡಿಯೇ ಅವರ ಕಾಲು ನಿಂತಿತ್ತು ಎಂದು ನನಗೆ ಗೊತ್ತಾಯಿತು. ಅಲ್ಲಿಗೆ ಎಪಾಕ್ಸಿ ಮುಗಿಯಿತು.

ಉಳಿದದ್ದು ಕಾಂಕ್ರೀಟು. ಅದರಲ್ಲೇ ಯಾವ ಬಗೆಯದು ಎಂದು ತೀರ್ಮಾನಿಸುವ ಮುಂಚೆ ನಾವಿಬ್ಬರೂ ಭದ್ರಾವತಿಗೆ ಹೋಗಬೇಕಾಗಿ ಬಂತು. ಹಳೇನಗರದ ಒಬ್ಬ ಲೇತ್ ಅಂಗಡಿಯವರು ಅಂಗಡಿ ಮುಚ್ಚಿ ಯಂತ್ರ ಮಾರುತ್ತಾರೆಂದು ಸುದ್ದಿ ಬಂದಿತ್ತು. ಉದ್ದನೆಯ ಬೆಡ್ಡಿನ ಲೇತ್, ಉದ್ದದ ಶಾಫ್ಟನ್ನೂ ಕಟ್ಟಬಹುದಾದದ್ದು. ನನಗೆ ಬೇಕಿದ್ದುದು ಅಂಥದ್ದೇ.

ಮನೆಯಲ್ಲಿ ತಮಿಳು ಮಾತಾಡುವ ವೃದ್ಧರು ಅವರು. ನನ್ನ ತಂದೆಯ ಹೆಸರು ಹೇಳಿದ ಕೂಡಲೇ, "ಅಯ್ಯೋ, ಅವ್ರ ಮಗಳಾ! ವಾಮ್ಮಾ, ಬಾ ಒಳಗೆ," ಎಂದು ಕುರ್ಚಿ ಎಳೆದರು. ಅಂಗಡಿ ಏಕೆ ಮುಚ್ಚುತ್ತೀರಿ ಎಂದರೆ ಮೊಮ್ಮಗಳು ಅಲ್ಲಿ ಭರತನಾಟ್ಯದ ತರಗತಿ ಮಾಡುತ್ತಾಳಂತೆ. "ನಂಗೆ ಕಣ್ಣು ಮಂಜಮ್ಮಾ. ಅವಳ ಕಾಲು ಗಟ್ಟಿ ಇದೆ. ಜಾಗ ಅವಳಿಗೇ ಇರ್ಲಿ," ಎಂದು ಸಂತೋಷದಿಂದಲೇ ಹೇಳಿದರು.

ನಾನು ಲೇತ್ ಚಾಲೂ ಮಾಡಿ ಒಂದು ಸರಳು ಕಟ್ಟಿ ತಿರುಗಿಸಿ ನೋಡಿದೆ. ಬೆಡ್ಡಿನ ಸವೆತ ನೋಡಿದೆ, ಗೇರು ಬದಲಿಸಿ ನೋಡಿದೆ, ಸರಳಿಗೆ ಸ್ಕ್ರೂವಿನ ಮರೆ ಎಳೆದು ನೋಡಿದೆ. ಯಂತ್ರ ನೋಡುವಾಗ ನನಗೆ ಹೊತ್ತಿನ ಪರಿವೆ ಇರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಅವರ ಮನೆಯವರು ಕರೆದಾಗ ಎಚ್ಚರವಾಯಿತು. ಆಗ ಇನ್ನೊಂದು ವಿಷಯ ತಿಳಿಯಿತು: ನನ್ನ ಹಿಮ್ಮಡಿ ನೋಯುತ್ತಿರಲಿಲ್ಲ. ಬಹಳ ಕಾಲದಿಂದ ನನಗೆ ಹಿಮ್ಮಡಿ ನೋವು. ಲೇತಿನ ಮುಂದೆ ಬೆಳಗ್ಗೆಯೆಲ್ಲ ನಿಂತರೆ ಮಧ್ಯಾಹ್ನದ ಹೊತ್ತಿಗೆ ಮೊಳೆ ಚುಚ್ಚಿದ ಹಾಗಾಗುತ್ತಿತ್ತು. ವಯಸ್ಸು ಎಂದುಕೊಂಡಿದ್ದೆ.

ಕೆಳಗೆ ನೋಡಿದೆ. ಎಣ್ಣೆ, ಮಸಿ ಕೂತು ಕಪ್ಪಾಗಿದ್ದ ನೆಲ. ಕಾಲಿನಿಂದ ಉಜ್ಜಿದಾಗ ಮರ ಕಂಡಿತು. ಹಲಗೆಯಲ್ಲ; ಗಿಡ್ಡ ತುಂಡುಗಳನ್ನು ಇಟ್ಟಿಗೆಯ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ್ದರು. ಕಡಿದ ಮರದಲ್ಲಿ ಬಳೆಬಳೆಯಾಗಿ ಕಾಣುವ ಮುಖ ಮೇಲಕ್ಕಿತ್ತು.

"ಮತ್ತಿ ಮರ," ಎಂದರು ವೃದ್ಧರು. "ಡಾಂಬರಲ್ಲಿ ಅದ್ದಿ ನಿಲ್ಸಿದ್ದು. ನಮ್ಮಪ್ಪ ದೊಡ್ಡ ಮಷೀನ್ ಶಾಪಲ್ಲಿ ನೋಡ್ಕೊಂಡ್ ಬಂದು ಹಾಕಿದ್ರು. ಲೇತಲ್ಲಿ ತಿರುಗ್ಸಿದ ಜಾಬ್ ಕೈ ಜಾರಿ ಬಿದ್ರೆ ಜಾಬೂ ಕೆಡಲ್ಲ, ನೆಲಾನೂ ಕೆಡಲ್ಲ."

"ಇದನ್ನ ಏನ್ ಮಾಡ್ತೀರಿ?"

"ಮೊಮ್ಮಗಳು ಪಾಪಾಗೆ ಇದು ಬೇಡ್ವಂತೆ. ಎಣ್ಣೆ ವಾಸ್ನೆ. ಕಿತ್ತು ಒಲೆಗೆ ಹಾಕ್ಬೇಕು."

ನಾನು ಆ ಮಾತು ನೆಲಕ್ಕೆ ಬೀಳಲು ಬಿಡಲಿಲ್ಲ. ಲೇತಿನ ಜೊತೆ ತುಂಡುಗಳನ್ನೂ ಕೊಡಿ ಎಂದು ಅಲ್ಲೇ ಮಾತು ಮುಗಿಸಿದೆ. ಭಾಯ್‌ಗೆ ಇದು ಹಿಡಿಸಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದರು, "ಬೆಸುಗೆ ಹಾಕೋ ಜಾಗದಲ್ಲಿ ಡಾಂಬರ್ ಮರಾನಾ? ಅಕ್ಕ, ಬೇರೆ ಯಾರಾದ್ರೂ ಹೇಳಿದ್ರೆ ಹುಚ್ಚು ಅಂತಿದ್ದೆ!"

"ನಿಮ್ಮ ಜಾಗಕ್ಕೆ ಯಾರು ಹಾಕ್ತಾರೆ? ನಾನು ನಿಲ್ಲೋ ಕಡೆ ಮಾತ್ರ."

ಅವರು ನನ್ನ ಕಡೆ ತಿರುಗಿ ಕೂತರು. "ಹಂಗಾದ್ರೆ ನನ್ನ ಜಾಗಕ್ಕೆ ಕಬ್ಬಿಣದ ಪ್ಲೇಟು. ಕಾಂಕ್ರೀಟ್ ಮೇಲೆ ಗ್ಯಾಸಲ್ಲಿ ಕಬ್ಬಿಣ ಕತ್ತರಿಸಿದ್ರೆ ಕಾಂಕ್ರೀಟೇ ಕಾಯ್ದು ಚೂರ್ ಚೂರ್ ಸಿಡಿಯುತ್ತೆ."

ಆ ಬಸ್ಸಿನಲ್ಲೇ ನಮಗೆ ಹೊಳೆದದ್ದು ಇಷ್ಟು. ಇಡೀ ಶೆಡ್ಡಿಗೆ ಒಂದೇ ನೆಲ ಹುಡುಕುತ್ತಿದ್ದೆವು, ಅದಕ್ಕೇ ಸಿಕ್ಕಿರಲಿಲ್ಲ. ಲೇತಿನ ಮುಂದೆ ಮರ, ಬೆಸುಗೆಯ ಮೂಲೆಗೆ ಕಬ್ಬಿಣ, ಉಳಿದೆಲ್ಲ ಕಡೆ ಕಾಂಕ್ರೀಟು. ಶಿವಮೊಗ್ಗ ಬರುವಷ್ಟರಲ್ಲಿ ಭಾಯ್ ಬಸ್ ಟಿಕೆಟಿನ ಹಿಂದೆ ನಕ್ಷೆಯನ್ನೂ ಗೀಚಿದ್ದರು. ಸ್ಟವ್ ಅಂಗಡಿಯ ಮಾತು ಅವತ್ತು ಬರಲಿಲ್ಲ.

ಕಾಂಕ್ರೀಟಿನ ಮೇಸ್ತ್ರಿ ಒಳ್ಳೆಯ ಕೆಲಸಗಾರ, ಆದರೆ ಅವರಿಗೆ ನೆಲ ಎಂದರೆ ಹೊಳೆಯಬೇಕು. "ಮಷೀನ್ ಓಡ್ಸಿ ಕನ್ನಡಿ ಥರ ಮಾಡ್ಕೊಡ್ತೀನಿ, ಮುಖ ನೋಡ್ಕೋಬಹುದು," ಎಂದರು. ಭಾಯ್ ಪೊರಕೆ ಎಳೆದ ಹಾಗೆ ಗೀರುಗೀರಾಗಿರಲಿ ಎಂದು ಹಟ ಹಿಡಿದರು. ಗೀರಿನಲ್ಲಿ ಎಣ್ಣೆ, ಲೋಹದ ಚೂರು ಕೂತರೆ ತೊಳೆಯುವವರು ಯಾರು ಎಂದು ನಾನು ಕೇಳಿದೆ. ಮಾತಿನಲ್ಲಿ ಬಗೆಹರಿಯುವ ಹಾಗೆ ಕಾಣಲಿಲ್ಲ.

"ಶೆಡ್ಡಿನ ಹಿಂದೆ ಮೂರು ಚೌಕ ಹಾಕಿ," ಎಂದು ಮೇಸ್ತ್ರಿಗೆ ಹೇಳಿದೆ. "ಒಂದು ನಿಮ್ಮ ಕನ್ನಡಿ, ಒಂದು ಭಾಯ್ ಪೊರಕೆ, ಇನ್ನೊಂದು ಮಧ್ಯದ್ದು. ಮೂರಕ್ಕೂ ಗಟ್ಟಿಪುಡಿ ಉದುರ್ಸಿ."

ಗಟ್ಟಿಪುಡಿ ಎಂದರೆ ಹಸಿ ಕಾಂಕ್ರೀಟಿನ ಮೇಲೆ ಉದುರಿಸಿ ಒತ್ತುವ ಪುಡಿ; ಮೇಲ್ಮೈ ಬೇಗ ಸವೆಯದ ಹಾಗೆ ಕಾಯುತ್ತದೆ. ಮೇಸ್ತ್ರಿ ಗೊಣಗುತ್ತಲೇ ಮೂರು ಚೌಕ ಹಾಕಿದರು. ಅವು ಬಲಿತ ಮೇಲೆ ಒಂದು ಬೆಳಿಗ್ಗೆ ಹಳೆಯ ಎಂಜಿನ್ ಆಯಿಲು, ನೀರು ಎರಡನ್ನೂ ಮೂರರ ಮೇಲೂ ಸುರಿದೆವು. ಬಟ್ಟೆಯಿಂದ ಒರೆಸಿದೆವು, ಅಂಗಡಿಯಲ್ಲಿ ಒರೆಸುವಷ್ಟೇ, ಹೆಚ್ಚಿಲ್ಲ. ನಾನು ಸವೆದ ರಬ್ಬರ್ ಚಪ್ಪಲಿ ಹಾಕಿಕೊಂಡು ಕನ್ನಡಿಯ ಚೌಕ ಹತ್ತಿದೆ. ಎರಡನೆಯ ಹೆಜ್ಜೆಗೆ ಕಾಲು ಸರ್ರನೆ ಹೋಯಿತು. ಮೇಸ್ತ್ರಿಯೇ ರಟ್ಟೆ ಹಿಡಿದು ನಿಲ್ಲಿಸಿದರು. ಅವರು ಆಮೇಲೆ ಕನ್ನಡಿಯ ಮಾತೆತ್ತಲಿಲ್ಲ.

ಪೊರಕೆಯ ಚೌಕದ ಮೇಲೆ ಕಾಲು ಬಿಗಿಯಾಗಿ ನಿಂತಿತು. ಆದರೆ ಸೋಪು ಹಾಕಿ ಎಷ್ಟು ಉಜ್ಜಿದರೂ ಕಪ್ಪು ಬಿಡಲಿಲ್ಲ. ಮಧ್ಯದ್ದರ ಮೇಲೆ ಮೇಸ್ತ್ರಿ ಕರಣೆಯನ್ನು ಸುತ್ತುಸುತ್ತಾಗಿ ಆಡಿಸಿ ಬಿಟ್ಟಿದ್ದರು. ಕೈಯಾಡಿಸಿದರೆ ಬೆಕ್ಕಿನ ನಾಲಗೆಯ ಹಾಗೆ ಸಣ್ಣ ಒರಟು. ಅದರ ಮೇಲೆ ನಾನು ಹಿಂದೆ ಮುಂದೆ ನಡೆದೆ, ಬೇಕೆಂದೇ ಬಿರಬಿರನೆ ತಿರುಗಿದೆ.

"ಭಾಯ್, ಈಗ ನೀವು."

ಅವರು ಗೋಡೆಗೊರಗಿ ನಿಂತಿದ್ದರು. "ನೀವು ನಡೆದ್ರಲ್ಲ, ಸಾಕು."

"ನಾನು ಬಿದ್ದಿಲ್ಲ ಯಾವತ್ತೂ. ನನ್ನ ಕಾಲಿಗೆ ಏನ್ ಗೊತ್ತು? ನೀವು ಹೇಳ್ಬೇಕು."

ಮೇಸ್ತ್ರಿ ಏನೋ ನೆನಪಾದವರ ಹಾಗೆ ಬೀಡಿ ಹಚ್ಚಲು ರಸ್ತೆಯ ಕಡೆ ಹೋದರು. ಒಳ್ಳೆಯ ಮನುಷ್ಯ. ಭಾಯ್ ಒಂದು ಕಾಲು ಇಟ್ಟರು, ಇನ್ನೊಂದು ಇಟ್ಟರು. ಕೈ ಗಾಳಿಯಲ್ಲಿ ಗೋಡೆ ಹುಡುಕಿತು, ಸಿಗಲಿಲ್ಲ. ಚೌಕದ ಆ ತುದಿಗೆ ಹೋಗಿ ತಿರುಗಿ ಬಂದರು. ಎಣ್ಣೆ ಹೆಚ್ಚಿದ್ದ ಕಡೆ ನಿಂತು ಹಿಮ್ಮಡಿಯನ್ನು ಎಡಕ್ಕೆ ಬಲಕ್ಕೆ ಒತ್ತಿ ನೋಡಿದರು. ಹಾಗೆ ಎಷ್ಟು ಸಲ ನಡೆದರೋ, ನಾನು ಎಣಿಸಲಿಲ್ಲ. ಆಮೇಲೆ ತಾವೇ ಎಣ್ಣೆಯ ಡಬ್ಬ ತಂದು ಇನ್ನಷ್ಟು ಸುರಿದುಕೊಂಡರು.

"ಇದು ಹಿಡಿಯುತ್ತೆ, ಅಕ್ಕ," ಎಂದರು. ನಾನು ಸೋಪಿನ ಬಕೆಟ್ಟು ತರುವ ನೆಪದಲ್ಲಿ ಒಳಗೆ ಹೋದೆ.

ಮಧ್ಯದ ಚೌಕದ ಬಗೆಯ ನೆಲವೇ ಬಿತ್ತು. ಮಣ್ಣು ದಮ್ಮಸ್ಸು ಮಾಡಿ, ಜಲ್ಲಿ ಹಾಸಿ, ಕಬ್ಬಿಣದ ಜಾಲರಿ ಇಟ್ಟು, ನೀರು ಹೋಗಲು ಹಿಂಬಾಗಿಲಿನ ಕಡೆಗೆ ಸಣ್ಣ ಇಳಿಜಾರು ಕೊಟ್ಟು ಹಾಕಿಸಿದೆವು. ಲೇತಿನ ಮುಂದೆ ಮರದ ತುಂಡು ಕೂರುವಷ್ಟು ತಗ್ಗು ಬಿಡಿಸಿದೆ. ಆಮೇಲೆ ಕಾಂಕ್ರೀಟು ಬಲಿಯಲೆಂದು ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. ಹೊಸಮನೆಯ ಅಂಗಡಿ ಅಷ್ಟರಲ್ಲಿ ಖಾಲಿ ಮಾಡಿಯಾಗಿತ್ತು. ಯಂತ್ರಗಳೆಲ್ಲ ಶೆಡ್ಡಿನ ಹೊರಗೆ ಟಾರ್ಪಾಲಿನ ಕೆಳಗಿದ್ದವು. ಅದೇ ಹೊತ್ತಿಗೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಯಿತು.

ಕೊಯ್ಲಿನಲ್ಲಿ ಸುಲಿಯುವ ಯಂತ್ರ ನಿಂತರೆ ತೋಟದವರಿಗೆ ಕಾಲು ನಿಲ್ಲುವುದಿಲ್ಲ. ರಿಪ್ಪನ್‌ಪೇಟೆ ಕಡೆಯ ಹಳೆಯ ಗಿರಾಕಿಯೊಬ್ಬರು ಪಿಕಪ್ಪಿನಲ್ಲಿ ಯಂತ್ರ ಹೇರಿಕೊಂಡು ಬಂದು, ಗಾಡಿಯನ್ನು ನೇರ ಶೆಡ್ಡಿನ ಬಾಗಿಲಿಗೆ ಹಿಮ್ಮುಖ ತಂದು ನಿಲ್ಲಿಸಿದರು.

"ಒಳಗೆ ಇಳಿಸ್ತೀನಿ. ಹೊರಗೆ ಬಿಸಿಲು ಮಾರಾಯ್ತಿ!"

"ಒಳಗೆ ನೀರು ನಿಂತಿದೆ. ನೆಲ ಇನ್ನೂ ಬಲಿತಿಲ್ಲ."

"ಮೇಲೆ ನಡೆದ್ರೆ ಕಲ್ಲಿನ ಹಂಗೆ ಇದೆ, ನೋಡ್ದೆ ನಾನು. ನನ್ನ ಕೊನೆ ಅಲ್ಲಿ ರಾಶಿ ಬಿದ್ದಿದೆ, ನೀವು ನೆಲಕ್ಕೆ ಪೂಜೆ ಮಾಡ್ತಾ ಇದೀರಲ್ಲ!"

"ನಿಮ್ಮ ಕೊನೆ ಕೆಡಕ್ಕೆ ಬಿಡಲ್ಲ. ನೆಲ ಕೆಡಕ್ಕೂ ಬಿಡಲ್ಲ. ಇಲ್ಲೇ ಇಳಿಸಿ, ಇಲ್ಲೇ ಮಾಡ್ಕೊಡ್ತೀನಿ."

ಅವರು ಬೇರೆ ಅಂಗಡಿಗೆ ಹೋಗುತ್ತೇನೆಂದರು. ಹೋಗಿ ಎಂದೆ. ಹೋಗಲಿಲ್ಲ. ಹಲಗೆ ಹಾಸಿ ಯಂತ್ರ ಇಳಿಸಿ, ಟಾರ್ಪಾಲಿನ ಒಂದು ಅಂಚನ್ನು ಪಿಕಪ್ಪಿಗೇ ಕಟ್ಟಿ ನೆರಳು ಮಾಡಿಕೊಂಡೆವು. ಬ್ಲೇಡಿನ ಶಾಫ್ಟು ಬಾಗಿತ್ತು. ಲೇತಿಗೆ ಪಕ್ಕದ ಗ್ಯಾರೇಜಿನಿಂದ ತಾತ್ಕಾಲಿಕ ವಿದ್ಯುತ್ ಎಳೆದು, ಸೂರ್ಯ ಮುಳುಗುವ ಮುಂಚೆ ಹೊಸ ಶಾಫ್ಟು ಕೂರಿಸಿ ಓಡಿಸಿ ತೋರಿಸಿದೆವು. ಹೋಗುವಾಗ ಅವರು, "ನೆಲ ಆದ್ಮೇಲೆ ನೋಡಕ್ ಬರ್ತೀನಿ, ಅದೆಂಥದ್ದು ಅಂತ," ಎಂದು ಇನ್ನೂ ಸಿಟ್ಟಿನಲ್ಲೇ ಹೇಳಿದರು. ಕೊಯ್ಲಿನ ಮೊದಲ ವಾರಗಳೆಲ್ಲ ಹೀಗೆಯೇ ಬಯಲಿನಲ್ಲಿ ಕಳೆದವು. ನನ್ನ ಮುಖ ಕಪ್ಪಾಗಿ ಗಂಡ ಗುರುತು ಹಿಡಿಯಲಾರೆ ಎಂದು ರೇಗಿಸುತ್ತಿದ್ದರು.

ಒಳಗೆ ಹೋದ ದಿನ ಪೂಜೆ, ಭಾಷಣ ಏನೂ ಇರಲಿಲ್ಲ. ಕೆಲಸ ಅಷ್ಟು ಬಿದ್ದಿತ್ತು. ಬೆಳಿಗ್ಗೆ ಊದುಬತ್ತಿ ಹಚ್ಚಿದೆ, ಭಾಯ್ ಬಾಳೆಹಣ್ಣು, ಖರ್ಜೂರ ತಂದಿದ್ದರು. ಆಮೇಲೆ ಸಾಮಾನು ಸಾಗಿಸಲು ಶುರು ಮಾಡಿದೆವು. ನಾನು ಮರದ ತುಂಡುಗಳನ್ನು ತಗ್ಗಿನಲ್ಲಿ ಜೋಡಿಸಿ ಸುತ್ತಿಗೆಯಿಂದ ಬಡಿದು ಕೂರಿಸುತ್ತಾ ಕೂತಿದ್ದೆ. ಹಿಂದೆ ಯಾರೋ ದಾಪುಗಾಲಲ್ಲಿ ಹೋದ ಸದ್ದಾಯಿತು. ತಲೆ ಎತ್ತಿದರೆ ಭಾಯ್. ಎರಡೂ ಕೈಯಲ್ಲಿ ಟಿಲ್ಲರಿನ ಗೇರ್‌ಬಾಕ್ಸ್ ಇತ್ತು, ಬಾಗಿಲಿನಿಂದ ಬೆಂಚಿನವರೆಗೆ ಗೋಡೆಯ ಹತ್ತಿರ ಹೋಗದೆ ನಟ್ಟನಡುವೆ ನಡೆದುಕೊಂಡು ಹೋಗಿ ಇಟ್ಟರು. ಇಟ್ಟ ಮೇಲೆ ನನ್ನ ಕಡೆ ನೋಡಲಿಲ್ಲ. ಇನ್ನೊಂದು ತರಲು ಹೊರಟರು.

ಮಧ್ಯಾಹ್ನ ಊಟಕ್ಕೆ ಕೂತಾಗ, "ಭಾವನಿಗೆ ನಿನ್ನೆನೇ ಫೋನ್ ಮಾಡಿ ಹೇಳ್ಬಿಟ್ಟೆ. ಸ್ಟವ್ ಅಂಗಡಿ ಬೇರೆಯವ್ರಿಗೆ ಕೊಡು ಅಂತ," ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಈಗ ಆ ನೆಲ ಮಳೆಗಾಲವನ್ನೂ ಕಂಡಿದೆ. ಮರದ ತುಂಡುಗಳು ತೇವಕ್ಕೆ ಉಬ್ಬಿ ಒಂದು ಸಾಲು ಮೇಲಕ್ಕೆದ್ದಿತು. ಕಿತ್ತು ಅಂಚು ಕೆತ್ತಿ, ಮತ್ತೆ ಡಾಂಬರು ಸವರಿ ಕೂರಿಸಿದೆ. ಬಾಗಿಲ ಬಳಿ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಅಗಲವಾಗುತ್ತಿಲ್ಲ. ಎಂಜಿನ್ನಿನ ಭಾರದ ಫ್ಲೈವೀಲ್ ಚಕ್ರವೊಂದು ಎತ್ತುವ ಸರಪಳಿಯಿಂದ ಜಾರಿ ಬಿದ್ದಾಗ ಸಣ್ಣ ಬಿಳಿಯ ಗುರುತಾಯಿತು, ಅಷ್ಟೇ. ನನ್ನ ಹಿಮ್ಮಡಿ ನೋವು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ, ಆದರೆ ಸಂಜೆಯವರೆಗೆ ಕೆಲಸ ಮಾಡಿ ಮನೆಯ ಮೆಟ್ಟಿಲು ಸಲೀಸಾಗಿ ಹತ್ತುತ್ತೇನೆ.

ಸದ್ಯ ನಮ್ಮ ಜಗಳ ಚಾವಣಿಗೆ ಏರಿದೆ. ಬೇಸಿಗೆಯಲ್ಲಿ ಶೀಟು ಕಾಯ್ದು ಒಳಗೆ ಕೂರಲಾಗುವುದಿಲ್ಲ. ಶೀಟಿನ ಕೆಳಗೆ ಶಾಖ ತಡೆಯುವ ಹಾಸು ಹಾಕಿಸೋಣ ಎಂದು ನಾನು, ಬೆಸುಗೆಯ ಹೊಗೆ ಹೋಗಲು ಮೊದಲು ಮೇಲೆ ಗಾಳಿ ಕಿಂಡಿ ಬೇಕು ಎಂದು ಭಾಯ್. ಈ ಸಲ ಅವರ ಮಾತೇ ಸರಿ ಇರಬಹುದು. ಆದರೂ ಈ ಭಾನುವಾರ ಇಬ್ಬರೂ ಹೋಗಿ ಎರಡೂ ಬಗೆಯ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ನಿಂತು ನೋಡಿ ಬರುತ್ತೇವೆ.